ರಾಯ್ಸ್ ಪೆಟ್ರೋಲ್ ಗಾಡಿಗೆ ಒಪ್ಪಿದ

ಏಪ್ರಿಲ್ 11, ಶನಿವಾರ

ಇವತ್ತು ಊಟ ಸೇರಲಿಲ್ಲ. ರಾಯ್ಸ್ ಪೆಟ್ರೋಲ್ ಗಾಡಿಗೆ ಒಪ್ಪಿಬಿಟ್ಟ.

ಎರಡು ವರ್ಷದಿಂದ ಗಂಡ ಹೆಂಡಿರಾದ ನಮಗೆ ಇದೊಂದೇ ಜಗಳ. ಒಳಗೇ ಅಡಿಗೆ ಮಾಡಿ ಮಲಗಿ ಊರು ಸುತ್ತಲು ಕೊಳ್ಳುವ ಮೋಟರ್‌ಹೋಮ್ ಡೀಸೆಲ್ಲಿನದೇ ಆಗಬೇಕೆಂದು ಅವನು. ರಾಕಿ ಪರ್ವತದ ಏರಿನಲ್ಲೂ ಅದು ಏದುಸಿರು ಬಿಡುವುದಿಲ್ಲವಂತೆ. ಪೆಟ್ರೋಲಿನದು ಯಾವ ಊರಲ್ಲಿ ಕೆಟ್ಟರೂ ರಿಪೇರಿಯಾಗುತ್ತದೆಂದು ನಾನು. "ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದೋಳಿಗೆ ಇಂಜಿನ್ ಪಾಠ ಹೇಳ್ಬೇಡ" ಎಂದು ಎಷ್ಟು ಸಲ ರೇಗಿದ್ದೇನೋ.

ಇವತ್ತು ಒಮಾಹಾ ಪಟ್ಟಣದ ಗಾಡಿ ಅಂಗಡಿಯಲ್ಲಿ ಎರಡನ್ನೂ ಓಡಿಸಿ ನೋಡಿದೆವು. ಡೀಸೆಲ್ ಗಾಡಿಯ ಸ್ಟೀರಿಂಗ್ ಹಿಡಿದಾಗ ಅವನ ಮುಖ ಅರಳಿತ್ತು. ಆಮೇಲೆ ಅಂಗಡಿಯ ಹೆಂಗಸು ಕೇಳಿದಳು: "ಎಷ್ಟು ವರ್ಷ ಇಟ್ಕೋತೀರಾ ಸರ್? ಹತ್ತು ಹದಿನೈದು ವರ್ಷ ಅಂದ್ರೆ ಡೀಸೆಲ್ಲೇ ಸರಿ. ಒಂದೆರಡು ವರ್ಷಕ್ಕಾದ್ರೆ ಪೆಟ್ರೋಲ್ ಸಾಕು."

ರಾಯ್ಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಪೆಟ್ರೋಲಿಂದೇ ಇರ್ಲಿ" ಎಂದ.

ಮಂಗಳವಾರ ಡಾಕ್ಟರು ಅವನಿಗೆ ಕೊಟ್ಟ ಆಯಸ್ಸು ಒಂದು ವರ್ಷ. ಅಂದಿನಿಂದ ನಾವಿಬ್ಬರೂ ಆ ಮಾತೆತ್ತಿರಲಿಲ್ಲ.

"ಬೇಡ ರಾಯ್ಸ್, ಡೀಸೆಲ್ಲೇ ತಗೊಳ್ಳೋಣ" ಎಂದೆ.

"ಆಮೇಲೆ ಓಡಿಸೋಳು ನೀನು ತಾನೇ, ವರ್ನಾ? ಎಲ್ಲಾದ್ರೂ ಕೆಟ್ಟು ನಿಂತ್ರೆ ನಿಂಗೆ ಸುಲಭ ಆಗ್ಬೇಕು."

ಅವನು ಒಪ್ಪಲಿ ಎಂದು ಎರಡು ವರ್ಷ ಕಾದವಳು ನಾನೇ. ಹೀಗೆ ಒಪ್ಪಬಾರದಿತ್ತು.

ಆ ಹೆಂಗಸಿಗೆ ಏನೂ ತಿಳಿಯದು. "ಅಂತೂ ಯಜಮಾನ್ರು ಸೋತ್ರಲ್ಲ!" ಎಂದು ನಕ್ಕಳು. ನಾನೂ ನಕ್ಕೆ.

ಸೋಮವಾರ ಗಾಡಿ ತರಬೇಕು. ಕಿಟಕಿ ಪರದೆಗೆ ಯಾವ ಬಣ್ಣ ಎಂದು ಆ ಕೋಣೆಯಿಂದ ಕೂಗಿ ಕೇಳುತ್ತಿದ್ದಾನೆ. ಮುಖ ತೊಳೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಅತ್ತಿದ್ದು ಅವನಿಗೆ ಗೊತ್ತಾಗಿಬಿಡುತ್ತದೆ.