ಹಳೆಯ ಫೋನು ಅವ್ವನ ಹತ್ತಿರ ಇದೆ

ಕಮಲಾಪುರ, ಶುಕ್ರವಾರ

ಕಾಲೇಜಿನ ಆಪ್ತ ಸಮಾಲೋಚಕರಾದ ಸುನಂದಾ ಮೇಡಮ್ ಅವರಿಗೆ ಎರಡನೇ ವರ್ಷದ ತ್ರಿವೇಣಿಯ ನಮಸ್ಕಾರ.

ನನ್ನ ಫೇಸ್‌ಬುಕ್ ಓದಿದ ಕಾಲೇಜಿನ ಎಐ ನನಗೆ ಖಿನ್ನತೆ ಇರಬಹುದೆಂದು ಹೇಳಿದ್ದಕ್ಕೆ ನೀವು ಮೂರು ಸಲ ಕರೆಸಿದಿರಿ. ಆರಾಮಿದ್ದೇನೆ ಎಂದರೂ ನಂಬಲಿಲ್ಲ. ಹೇಳಿ ಹೇಳಿ ನನಗೂ ಸಾಕಾಯಿತು. ಅಷ್ಟಕ್ಕೂ ನಾನು ಫೇಸ್‌ಬುಕ್ ತೆರೆದು ವರ್ಷವಾಗಿತ್ತು. ನಿನ್ನೆ ಕಲಬುರಗಿಯಿಂದ ಬರುವಾಗ ಬಸ್ಸಿನಲ್ಲಿ ತೆರೆದು ನೋಡಿದೆ.

ನನ್ನ ಹೆಸರಿನಲ್ಲಿ ದಿನಾಲೂ ಹಾಕಿದ ಅಳುವ ಹಾಡುಗಳಿದ್ದವು. ನಡುನಡುವೆ ಅಕ್ಕನ ಹಸಿರು ಬಳೆಗಳ ಫೋಟೋ. ಆ ಬಳೆಗಳು ನಮ್ಮ ಮನೆಯ ಟ್ರಂಕಿನಲ್ಲಿವೆ. ಹೊಸ ಫೋನು ಬಂದಾಗ ಹಳೆಯದನ್ನು ಅವ್ವನಿಗೆ ಕೊಟ್ಟಿದ್ದೆ. ನನ್ನ ಖಾತೆ ಅದರಲ್ಲೇ ಉಳಿದುಬಿಟ್ಟಿದೆ.

ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಅವಳ ಮಾತೆತ್ತುವುದಿಲ್ಲ. ಅವ್ವ ಫೋನು ಹಿಡಿದು ಕೂತಾಗ ಕೇಳಿದರೆ, "ಏನಿಲ್ಲವ್ವ, ಸುಮ್ನ ಹಾಡು ಕೇಳಾಕತ್ತೀನಿ. ನೀ ಓದ್ಕೊ" ಎನ್ನುತ್ತಿದ್ದಳು. ನಾನು ಓದಿಕೊಂಡೆ.

ಇನ್ನು ನನ್ನನ್ನು ಕರೆಸುವುದು ಬೇಡ. ಒಮ್ಮೆ ಕಮಲಾಪುರಕ್ಕೆ ಬಂದು ಅವ್ವನನ್ನು ನೋಡಿ. ಅವಳು ನಿಮ್ಮ ವಿದ್ಯಾರ್ಥಿನಿಯಲ್ಲ, ಗೊತ್ತು. ಮಶೀನು ಹೇಳಿತು ಎನ್ನಬೇಡಿ, ಆಮೇಲೆ ಅವಳು ಫೋನನ್ನೂ ಮುಟ್ಟುವುದಿಲ್ಲ. ನನ್ನ ಓದಿನ ವಿಷಯಕ್ಕೆ ಬಂದೆ ಎನ್ನಿ.

ಮನೆಗೆ ಬಂದವರನ್ನು ಅವ್ವ ಎಂದೂ ಚಹಾ ಕೊಡದೆ ಕಳಿಸಿದವಳಲ್ಲ. ಕೊಡದಿದ್ದರೆ ದಯವಿಟ್ಟು ಎದ್ದು ಹೋಗಬೇಡಿ.

ನಿಮಗೆ ತೊಂದರೆ ಕೊಡುತ್ತಿರುವ,
ತ್ರಿವೇಣಿ