ಎದುರಂಗಡಿಯ ಫಿಟ್ಟಿಂಗ್

೧೪ ಮಾರ್ಚ್, ಶುಕ್ರವಾರ. ಸವಣೂರು

ಇವತ್ತೂ ಅದೇ ಮಾತು. ಫಿಟ್ಟಿಂಗ್ ಅಂದರೆ ಎದುರಂಗಡಿಯ ನುಜಹತಳದ್ದೇ ಅಂತೆ. ಆಕೆ ಹೊಲಿಗೆ ಮಷಿನ್ ಇಟ್ಟು ಇನ್ನೂ ವರ್ಷವಾಗಿಲ್ಲ.

ಆ ಪದವನ್ನು ನನ್ನ ಹೊಲಿಗೆ ಅಂಗಡಿಗೆ ಬಂದವರೆಲ್ಲ ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಕಾಲೇಜಿನ ಹುಡುಗಿಯರಿಗೆ ಫಿಟ್ಟಿಂಗ್ ಎಂದರೆ ಸೊಂಟದಲ್ಲಿ ಬಿಗಿ. ಹೊಲಕ್ಕೆ ಹೋಗುವ ಶೇಖವ್ವನಿಗೆ, ಬಗ್ಗಿ ಕಳೆ ತೆಗೆದರೂ ಕಂಕುಳಲ್ಲಿ ಹರಿಯಬಾರದು. ನಮ್ಮತ್ತೆಗೆ, ನಮಾಜಿಗೆ ಕೂತಾಗ ಎಲ್ಲೂ ಎಳೆಯಬಾರದು. ವೈರಿಂಗ್ ಕೆಲಸದ ನನ್ನ ಗಂಡನಿಗೆ ಬಲ್ಬು, ಸ್ವಿಚ್ಚು. ಇದೆಲ್ಲ ತಿಳಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ನುಜಹತಳಿಗೇನು ತಿಳಿದೀತು ಅಂದುಕೊಂಡಿದ್ದೆ.

ಮಧ್ಯಾಹ್ನ ಮಂಜುಳಾ ಬಂದಳು. ಲಂಗದ ಕಾಲದಿಂದ ನನ್ನ ಹತ್ತಿರವೇ ಹೊಲಿಸಿದವಳು, ಮದುವೆ ನಿಶ್ಚಯದ ಬ್ಲೌಸು ಮಾತ್ರ ನುಜಹತಳ ಹತ್ತಿರ ಹೊಲಿಸಿದ್ದಳು.

“ತೋಳು ಬಿಗಿ ಆಗೇತ್ರಿ ಗುಲ್ನಾರಕ್ಕ. ನುಜಹತಕ್ಕ ಹಾನಗಲ್ಲಿಗೆ ಹೋಗ್ಯಾರ. ನೀವ ಬಿಚ್ಚಿ ಕೊಡ್ರಿ.”

“ಹೊಲಿಗಿ ಒಳಗ ಬಟ್ಟಿ ಬಿಟ್ಟಿದ್ರ ಬಿಚ್ಚಿ ಸಡಿಲ ಮಾಡಬಹುದವ್ವಾ. ಈಗಿನವರು ಎಲ್ಲಿ ಬಿಡ್ತಾರ?”

ಹೊಲಿಗೆ ಬಿಚ್ಚುವಾಗ, ಒಳಗಿನ ಬಟ್ಟೆಯನ್ನು ನುಜಹತ ಕತ್ತರಿಸಿ ಎಸೆದಿರಲಿ ಎಂದೇ ಬೇಡಿಕೊಂಡೆ. ರಂಜಾನಿನ ರೋಜಾ ಹಿಡಿದವಳ ಬಾಯಲ್ಲಿ ಎಂಥ ದುವಾ.

ಒಳಗೆ ಎರಡು ಬೆರಳಗಲ ಬಟ್ಟೆ ಇತ್ತು, ನಾನು ಬಿಡುವಷ್ಟೇ. ಎಳೆ ಬಿಚ್ಚದಂತೆ ಅಂಚಿಗೆಲ್ಲ ಕೈಹೊಲಿಗೆ ಬೇರೆ ಹಾಕಿದ್ದಳು. ಅದು ಯಾರೂ ನೋಡದ ಜಾಗ. ನಾನು ಯಾವತ್ತೂ ಹಾಕಿದವಳಲ್ಲ.

ಮಂಜುಳಾ ತೊಟ್ಟು ನೋಡಿ, “ಈಗ ಬರೋಬ್ಬರಿ ಆತ್ರಿ. ಬಟ್ಟಿ ಬಿಟ್ಟಿದ್ರೇನು ಅವರು?” ಎಂದು ಕೇಳಿದಳು.

“ಹೆಂಗೋ ನಾನ ಸರಿ ಮಾಡೇನಿ, ಬಿಡು” ಅಂದೆ.