ಶೇಠನ ಕಾರಿನ ಗಿಡ್ಡ ಬೆಲ್ಟು

ಪುಣೆ, ಗುಲ್ಟೇಕಡಿ
11 ಮೇ 1984

ಯಂಕವ್ವಕ್ಕನಿಗೆ ನಿನ್ನ ತಮ್ಮ ಗುರಣ್ಣನ ನಮಸ್ಕಾರ.

ನಿನ್ನ ಮೊಣಕಾಲು ಹೇಗಿದೆ? ಬಾವಿಯಿಂದ ಎರಡೆರಡು ಕೊಡ ಹೊರಬೇಡ ಎಂದು ಹೇಳಿದ್ದೆ, ನೀನು ಕೇಳಿರುವುದಿಲ್ಲ ಎಂಬುದೂ ಗೊತ್ತು. ರುದ್ರವ್ವ ಸರಿಯಾಗಿ ಉಣ್ಣುತ್ತಿದ್ದಾಳೆಯೇ? ಅಪ್ಪನನ್ನು, ನಮ್ಮ ಶಂಕ್ರೆಪ್ಪ ಮಾಮಾನನ್ನು, ಕಳೆದುಕೊಂಡ ಮೇಲೆ ಮಗು ಮಾತು ಕಡಿಮೆ ಮಾಡಿದೆ ಎಂದು ನೀನು ಬರೆಸಿದ್ದೆ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಬಿಸಿಲು ಭಾಳ. ಆದರೆ ಈ ಸಲದ ಬಿಸಿಲನ್ನು ನಾನು ಬೈಯಲಿಲ್ಲ, ಯಾಕೆಂದು ಹೇಳುತ್ತೇನೆ.

ಮಾಮಾನನ್ನು ಕೊಂದ ಕಂಟ್ರಾಕ್ಟರನ ಕಾರನ್ನು ಇನ್ನೂ ಹೇಗೆ ಓಡಿಸುತ್ತೀ ಎಂದು ನೀನು ಕೇಳಿದ್ದೆ. ಆ ಮಾತಿಗೆ ಆಗ ಉತ್ತರ ಕೊಡಲಿಲ್ಲ. ಆ ಕಂಟ್ರಾಕ್ಟರ ದಿಗಂಬರಶೇಠನಿಗೆ ನಾನು ನಿನ್ನ ತಮ್ಮನೆಂದು ಗೊತ್ತಿತ್ತು, ಗೊತ್ತಿದ್ದೂ ಇಟ್ಟುಕೊಂಡ. ನಮ್ಮಂಥವರಿಗೂ ಸಿಟ್ಟು ಇರುತ್ತದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಮಾಮಾ ಕಟ್ಟಡದ ಮೂರನೇ ಮಜಲೆಯ ಹಲಗೆಯಿಂದ ಬಿದ್ದ ದಿನ ಆ ವಿದೇಶಿ ಕಾರು ಅಲ್ಲೇ ಗೇಟಿನ ಹತ್ತಿರ ನಿಂತಿತ್ತು. ಮಾಮಾನ ಉಸಿರು ಇನ್ನೂ ಆಡುತ್ತಿತ್ತು. ಆಸ್ಪತ್ರೆಗೆ ಒಯ್ಯೋಣ ಎಂದು ನಾನು ಕಿಟಕಿ ಬಡಿದೆ. ಶೇಠ ಗಾಜನ್ನು ನಾಲ್ಕು ಬೆರಳು ಇಳಿಸಿ, "ಸೀಟು ಹಾಳಾಗ್ತದ, ಟೆಂಪೋ ತರಿಸು" ಎಂದ. ಮತ್ತೆ ಗಾಜು ಏರಿಸಿ, ತಣ್ಣನೆಯ ಗಾಳಿಯಲ್ಲಿ ಕೂತ. ಟೆಂಪೋ ಬರುವ ಹೊತ್ತಿಗೆ ಏನಾಗಿತ್ತು ಎಂಬುದು ನಿನಗೆ ಗೊತ್ತು. ಪೊಲೀಸರ ಮುಂದೆ ಅವನು ಹೇಳಿದ್ದು, ಕುಡಿದು ಬಿದ್ದ ಎಂದು. ಬೀಡಿಯ ಹೊಗೆಗೂ ಮುಖ ತಿರುಗಿಸುತ್ತಿದ್ದ ಮನುಷ್ಯನ ಮೇಲೆ ಆ ಮಾತು. ಅದನ್ನು ಊರು ನಂಬಿತು, ನಿನ್ನ ಅತ್ತೆಯೂ ನಂಬಿ ನಿನ್ನನ್ನೇ ದೂರಿದರು. ಅಂದೇ ನಿಶ್ಚಯಿಸಿದೆ, ಅವನ ಸುಳ್ಳನ್ನು ಅವನ ಬಾಯಿಂದಲೇ ಮುರಿಸುವವರೆಗೂ ಅವನ ಬೆನ್ನು ಬಿಡುವುದಿಲ್ಲ ಎಂದು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಮುಂಬೈಯಿಂದ ಬರುತ್ತಿದ್ದೆವು. ಲೋಣಾವಳಾ ಘಾಟಿನಲ್ಲಿ ಎಂಜಿನ್ನಿನೊಳಗೆ ಕೀರಲು ಸದ್ದು ಬಂತು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ಬಾನೆಟ್ ಎತ್ತಿ ನೋಡಿದರೆ ಗಾಳಿ ತಣ್ಣಗೆ ಮಾಡುವ ಕಂಪ್ರೆಸರ್ ಜಾಮ್ ಆಗಿ, ಬೆಲ್ಟು ಅದರ ಮೇಲೆ ಉಜ್ಜಿ ಹರಿದಿತ್ತು. ಆ ಕಾರಿನಲ್ಲಿ ಕಂಪ್ರೆಸರ್, ನೀರಿನ ಪಂಪು, ಡೈನಮೋ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದಿಲ್ಲದಿದ್ದರೆ ಎಂಜಿನ್ ಕಾದು ನಿಲ್ಲುತ್ತದೆ. ಒಂದು ಲಾರಿಗೆ ಹಗ್ಗ ಕಟ್ಟಿಸಿ ದೇಹೂ ರೋಡಿನ ಗ್ಯಾರೇಜಿನವರೆಗೆ ಎಳೆಸಿದೆ. ಅಲ್ಲಿಯ ಮಿಸ್ತ್ರಿ ಕಂಪ್ರೆಸರನ್ನು ಬಿಟ್ಟು ಉಳಿದ ಚಕ್ರಗಳಿಗೆ ಸುತಳಿ ಸುತ್ತಿ ಅಳತೆ ತೆಗೆದ. ಆ ಅಳತೆಯ ಗಿಡ್ಡ ಬೆಲ್ಟೊಂದನ್ನು ಜೀಪಿನ ಸಾಮಾನಿನಲ್ಲಿ ಹುಡುಕಿ ಹಾಕಿದ. ಕಾರು ಓಡಿತು. ತಣ್ಣನೆಯ ಗಾಳಿ ಮಾತ್ರ ಹೋಯಿತು. ಶೇಠ ಕಿಟಕಿ ಇಳಿಸಿ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೂತದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಮಾಮಾ ಹೋದ ಮೇಲೆ ನನಗೆ ಮೊದಲ ಸಲ ಸಮಾಧಾನವಾದದ್ದು ಆಗ.

ಹೊಸ ಕಂಪ್ರೆಸರ್ ತರಲು ನನ್ನನ್ನೇ ಮುಂಬೈಗೆ ಕಳಿಸಿದ. ಅಂಗಡಿಯಲ್ಲಿ ಅದು ಇತ್ತು, ನನ್ನ ಕೈಯಲ್ಲೇ ಹಿಡಿದು ನೋಡಿದೆ. ವಾಪಸು ಇಟ್ಟು ಬಂದು, "ಎಲ್ಲೂ ಸಿಗಂಗಿಲ್ರಿ ಶೇಠಜಿ, ಪರದೇಶದಿಂದ ಬರಬೇಕಂತ" ಎಂದೆ. ಅವನು ಗಾಜು ಇಳಿಸಿಕೊಂಡು ಕೂಲಿಗಳ ಮುಂದೆ ಹಾಯಬೇಕು, ಅವರ ಮಾತು ಅವನ ಕಿವಿಗೆ ಬೀಳಬೇಕು ಎಂಬಷ್ಟೇ ನನ್ನ ಆಸೆಯಾಗಿತ್ತು. ಅವನ ಮಾತು ಅವರ ಕಿವಿಗೆ ಬಿದ್ದೀತೆಂದು ನಾನೂ ಎಣಿಸಿರಲಿಲ್ಲ.

ಕಳೆದ ವಾರ ಮಧ್ಯಾಹ್ನ ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಉಳ್ಳಾಗಡ್ಡಿ ಲಾರಿಗಳು ಸಿಕ್ಕಿಕೊಂಡಿದ್ದವು. ನಮ್ಮ ಕಾರು ನಿಂತದ್ದು ಸೈಟಿನ ಗೋಡೆಗೆ ಹತ್ತಿ. ನೆರಳಿನಲ್ಲಿ ನಮ್ಮ ಕಡೆಯ ಕೂಲಿಗಳು ರೊಟ್ಟಿ ಬಿಚ್ಚಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಶೇಠನ ಜೊತೆ ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ಕೃಷ್ಣಾಜಿ ಇದ್ದ. ಕಾರ್ಮಿಕ ಇಲಾಖೆಯ ಸಾಹೇಬ ಮರುದಿನ ವಿಚಾರಣೆಗೆ ಬರುವವನಿದ್ದ, ಇವರು ಏನು ಹೇಳಬೇಕೆಂದು ಮಾತಾಡುತ್ತಿದ್ದರು. ಗಾಜು ಮುಚ್ಚಿದ ಕಾರಿನಲ್ಲಿ ಪಿಸುಗುಡುತ್ತಿದ್ದವನು ಹಾರ್ನುಗಳ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು. ನಾನು ಮೆಲ್ಲಗೆ ಎಂಜಿನ್ ಬಂದ್ ಮಾಡಿದೆ. ಹಾರ್ನುಗಳೂ ಒಂದು ಗಳಿಗೆ ತಣ್ಣಗಾದವು. ಶೇಠನ ದನಿ ಮಾತ್ರ ಇಳಿಯಲಿಲ್ಲ. ಮರಾಠಿಯಲ್ಲಿ ಕೂಗಿದ: "ಹಲಗೆ ಕೊಳೆತದ್ದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶಂಕ್ರೆಪ್ಪ ಬಂದು ಹೇಳಿಯೂ ಇದ್ದ. ನೀನು ಮಾತ್ರ, ಅವನು ಕುಡಿದಿದ್ದ ಅಂತಲೇ ಹೇಳು."

ಗೋಡೆಯ ಬುಡದಲ್ಲಿ ಯಾರೂ ಅಗಿಯಲಿಲ್ಲ. ಗಾರೆ ಹೊರುವ ತಿಪ್ಪವ್ವ, ನಿನ್ನ ಜೋಡಿ ಕೆಲಸ ಮಾಡಿದವಳು, ಕೈಯಲ್ಲಿ ರೊಟ್ಟಿ ಹಿಡಿದೇ ಎದ್ದು ಬಂದು ಕಿಟಕಿಯೊಳಗೆ ಮುಖವಿಟ್ಟಳು. "ಇನ್ನೊಮ್ಮೆ ಹೇಳ್ರಿ ಶೇಠಜಿ. ಹಿಂದ ಕುಂತೋರಿಗಿ ಕೇಳಿಲ್ಲ" ಎಂದಳು. ಶೇಠ ಗಡಬಡಿಸಿ ಗಾಜು ಏರಿಸಿದ. ಎಲ್ಲರೂ ಎದ್ದು ಬಂದು ಕಾರಿನ ಸುತ್ತ ನಿಂತರು, ಯಾರೂ ಕೈ ಮಾಡಲಿಲ್ಲ, ಒಳಗೆ ನೋಡುತ್ತ ನಿಂತರು ಅಷ್ಟೆ. "ಗಾಡಿ ಬಿಡು ಗುರಣ್ಣ" ಎಂದ. "ಎಂಜಿನ್ ಕಾದದ್ರಿ, ಆರಬೇಕು" ಎಂದೆ. ಕಾದಿರಲಿಲ್ಲ. ಮುಚ್ಚಿದ ಗಾಜಿನೊಳಗೆ ಅವನ ಅಂಗಿ ಮೈಗೆ ಅಂಟಿತು, ಕೃಷ್ಣಾಜಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ನನ್ನ ಮೈಯೂ ಬೆಂದಿತು, ಅದರ ಪರಿವೆ ಇರಲಿಲ್ಲ. ಕೊನೆಗೆ ಶೇಠ, "ಗುರಣ್ಣ, ಕೈ ಮುಗೀತೀನಿ" ಎಂದ. ಆಗ ಕೀಲಿಕೈಯನ್ನು ಅವನ ತೊಡೆಯ ಮೇಲೆ ಇಟ್ಟು, ಬಾಗಿಲು ತೆರೆದು, ನಮ್ಮವರ ಜೊತೆ ಹೋಗಿ ನಿಂತೆ.

ಮರುದಿನ ಸಾಹೇಬನ ಮುಂದೆ ತಿಪ್ಪವ್ವ ಮೊದಲು ಹೇಳಿದಳು, ಆಮೇಲೆ ಉಳಿದವರು, ಕೊನೆಗೆ ನಾನು. ಕೃಷ್ಣಾಜಿ ಹೆದರಿ ಒಪ್ಪಿಕೊಂಡ. ಮಾಮಾ ಕುಡಿದಿರಲಿಲ್ಲ, ಹಲಗೆ ಕೊಳೆತಿತ್ತು ಎಂದು ಸರಕಾರದ ಸಾಹೇಬನೇ ಎಲ್ಲರೆದುರು ಅಂದ. ಕೇಸು ಮುಂದೆ ಕೋರ್ಟಿಗೆ ಹೋಗುತ್ತದೆ. ನಾನೀಗ ಯಾರ್ಡಿನಲ್ಲಿ ಉಳ್ಳಾಗಡ್ಡಿ ಲಾರಿ ಓಡಿಸುತ್ತಿದ್ದೇನೆ, ನನ್ನ ಚಿಂತೆ ಬೇಡ.

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಈ ಪತ್ರವನ್ನು ಅವರನ್ನು ಎದುರಿಗೆ ಕೂಡಿಸಿಕೊಂಡೇ ಓದಿಸು, ಒಂದು ಸಾಲೂ ಬಿಡಗೊಡಬೇಡ. ರುದ್ರವ್ವನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ತಮ್ಮ,
ಗುರಣ್ಣ

ತಾ.ಕ.: ಅಕ್ಕ, ಇದನ್ನು ಟಪಾಲಿಗೆ ಹಾಕದೆ, ಇಂದೇ ಊರಿಗೆ ಹೊರಟ ಈರಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಈಗಷ್ಟೇ ಸುದ್ದಿ ಬಂತು. ಶೇಠ ತಾನೇ ನಿನ್ನ ಮನೆಗೆ ಬರುತ್ತಿದ್ದಾನೆ, ಗಂಡ ಕುಡಿಯುತ್ತಿದ್ದ ಎಂದು ಕೋರ್ಟಿಗೆ ಕೊಡುವ ಕಾಗದದ ಮೇಲೆ ನಿನ್ನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಲು. ಅಳುತ್ತಾನೆ, ಕಾಲಿಗೂ ಬೀಳುತ್ತಾನೆ. ಒತ್ತಬೇಡ. ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡುವುದು ನಿನ್ನ ರೂಢಿ. ಅವನಿಗೆ ಕೊಡಬೇಡ.